ತೆರೆದ ಆಂಡ್ರಾಯ್ಡ್, ಮುಚ್ಚಿದ ಐಫೋನ್: ಹಿಡಿತ ಇರೋದು ಎಲ್ಲಿ?

2020ರ ಆಗಸ್ಟ್ 13ರಂದು ಫೋರ್ಟ್‌ನೈಟ್ ಎಂಬ ಗೇಮ್ ಒಂದೇ ದಿನ ಎರಡು ಕಡೆಯಿಂದ ಹೊರಬಿತ್ತು. ಅದನ್ನು ಮಾಡಿದ ಎಪಿಕ್ ಕಂಪನಿ ಅವತ್ತು ಗೇಮ್‌ನೊಳಗೆ ದುಡ್ಡು ಕಟ್ಟಲು ತನ್ನದೇ ದಾರಿ ಮಾಡಿಕೊಂಡಿತ್ತು. ಆಪಲ್‌ಗೂ ಗೂಗಲ್‌ಗೂ ಹೋಗುತ್ತಿದ್ದ ಶೇ. 30ರ ಕಮಿಷನ್ ತಪ್ಪಿಸುವುದು ಉದ್ದೇಶ. ಆಪಲ್ ಕೆಲವೇ ಗಂಟೆಗಳಲ್ಲಿ ಗೇಮನ್ನು ತನ್ನ ಆಪ್ ಸ್ಟೋರ್‌ನಿಂದ ತೆಗೆಯಿತು. ಗೂಗಲ್ ಕೂಡ ಅಂದೇ ಪ್ಲೇ ಸ್ಟೋರ್‌ನಿಂದ ತೆಗೆಯಿತು. ಎಪಿಕ್ ಇಬ್ಬರ ಮೇಲೂ ಕೇಸು ಹಾಕಿತು.

ಐಫೋನ್‌ಗೆ ಆಪ್ ಹಾಕಬೇಕಾದರೆ ಆಗ ಆಪಲ್‌ನ ಅಂಗಡಿ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಆಂಡ್ರಾಯ್ಡ್ ಹಾಗಲ್ಲ. ಪ್ಲೇ ಸ್ಟೋರ್ ಬೇಡವೆಂದರೆ ಬೇರೆ ಕಡೆಯಿಂದ ಆಪ್‌ನ ಎಪಿಕೆ ಫೈಲ್ ಇಳಿಸಿಕೊಂಡು ಹಾಕಿಕೊಳ್ಳಬಹುದು. ಹಾಗಾದರೆ ಕೋರ್ಟಿನಲ್ಲಿ ಸೋಲಬೇಕಾದದ್ದು ಆಪಲ್, ಅಲ್ವಾ?

ಆದದ್ದು ಉಲ್ಟಾ. 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶೆ ಇವಾನ್ ಗೊಂಜಾಲೆಜ್ ರೋಜರ್ಸ್ ಹತ್ತರಲ್ಲಿ ಒಂಬತ್ತು ಆರೋಪಗಳನ್ನು ತಳ್ಳಿಹಾಕಿದರು, ಆಪಲ್ ಬಹುಮಟ್ಟಿಗೆ ಗೆದ್ದಿತು. 2023ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ (ತೀರ್ಪು ಕೊಡಲು ಆರಿಸಿದ ಸಾಮಾನ್ಯ ನಾಗರಿಕರ ಗುಂಪು) ಗೂಗಲ್ ವಿರುದ್ಧ ತೀರ್ಪು ಕೊಟ್ಟಿತು. ಮುಚ್ಚಿದವನು ಗೆದ್ದ, ತೆರೆದವನು ಸೋತ.

ಒಂದು ಕೇಸನ್ನು ತೀರ್ಮಾನಿಸಿದ್ದು ನ್ಯಾಯಾಧೀಶೆ, ಇನ್ನೊಂದನ್ನು ಜ್ಯೂರಿ. ಮಾರುಕಟ್ಟೆ ಅಂದರೆ ಯಾವುದು ಎಂಬ ಲೆಕ್ಕವೂ ಎರಡರಲ್ಲಿ ಬೇರೆಬೇರೆ ಇತ್ತು. ಇವೆಲ್ಲ ಕಾರಣಗಳೇ. ಆದರೆ ನನಗೆ ಮುಖ್ಯ ಅನ್ನಿಸುವುದು ಬೇರೆ. ಆಪಲ್ ಫೋನನ್ನೂ ತಾನೇ ಮಾಡುತ್ತದೆ, ಅದರ ಸಾಫ್ಟ್‌ವೇರನ್ನೂ ತಾನೇ ಮಾಡುತ್ತದೆ. ಯಾರನ್ನೂ ಹಿಡಿದಿಡಬೇಕಾಗಿಲ್ಲ. ಗೂಗಲ್ ತನ್ನ ಆಂಡ್ರಾಯ್ಡನ್ನು ಹತ್ತಾರು ಕಂಪನಿಗಳಿಗೆ ಕೊಡುತ್ತದೆ. ಕೊಟ್ಟ ಮೇಲೆ ಅವರು ಕೈತಪ್ಪದ ಹಾಗೆ ನೋಡಿಕೊಳ್ಳಲು ಒಪ್ಪಂದಗಳು ಬೇಕು. ಫೋನ್ ಕಂಪನಿಗಳಿಗೆ ಆದಾಯದಲ್ಲಿ ಪಾಲು, ದೊಡ್ಡ ಗೇಮ್ ಕಂಪನಿಗಳು ಪ್ಲೇ ಸ್ಟೋರ್ ಬಿಟ್ಟು ಹೋಗದಂತೆ ಹಣ. ಈ ಎರಡನೆಯದಕ್ಕೆ ಗೂಗಲ್ ಒಳಗೆ 'ಪ್ರಾಜೆಕ್ಟ್ ಹಗ್' ಎಂದು ಹೆಸರಿತ್ತು. ಅಪ್ಪುಗೆಯ ಯೋಜನೆ! ಒಪ್ಪಂದ ಅಂದರೆ ಕಾಗದ. ಕಾಗದ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ.

ಓಪನ್ ಒಳ್ಳೆಯದು, ಕ್ಲೋಸ್ಡ್ ಕೆಟ್ಟದ್ದು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಒಂದು ಪ್ಲಾಟ್‌ಫಾರಂ ಪದರ ಪದರವಾಗಿ ಇರುತ್ತದೆ. ಒಂದು ಪದರ ಪೂರ್ತಿ ತೆರೆದಿದ್ದು, ಅದರ ಮೇಲಿನದು ಬಿಗಿಯಾಗಿ ಮುಚ್ಚಿರಬಹುದು. ಸ್ಪರ್ಧೆ ಇದೆಯೋ ಇಲ್ಲವೋ ತಿಳಿಯಬೇಕಾದರೆ ಹಿಡಿತ ಯಾವ ಪದರದಲ್ಲಿದೆ ಎಂದು ಹುಡುಕಬೇಕು. ಅದಕ್ಕೆ ಆಂಡ್ರಾಯ್ಡ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಗೂಗಲ್ ಆಂಡ್ರಾಯ್ಡನ್ನು ಕೊಂಡುಕೊಂಡದ್ದು 2005ರಲ್ಲಿ. 2007ರಲ್ಲಿ ಅದನ್ನು ಓಪನ್ ಸೋರ್ಸ್ ಎಂದು ಘೋಷಿಸಿತು. ಸೋರ್ಸ್ ಕೋಡ್ ಯಾರು ಬೇಕಾದರೂ ತೆಗೆದುಕೊಳ್ಳಿ, ಬದಲಾಯಿಸಿ, ಫೋನಿಗೆ ಹಾಕಿ ಮಾರಿ, ನಮಗೆ ಕಾಸು ಬೇಡ. ಆಗ ಗೂಗಲ್‌ಗೆ ಮೊಬೈಲ್‌ನಲ್ಲಿ ಜಾಗವೇ ಇರಲಿಲ್ಲ. ನೋಕಿಯಾ ಇತ್ತು, ಬ್ಲ್ಯಾಕ್‌ಬೆರಿ ಇತ್ತು, ಮೈಕ್ರೋಸಾಫ್ಟ್ ಇತ್ತು, ಐಫೋನ್ ಅದೇ ತಾನೇ ಬಂದಿತ್ತು. ತಡವಾಗಿ ಬಂದವನಿಗೆ ತೆರೆದಿಡುವುದೇ ಲಾಭ. ಇದರಲ್ಲಿ ತಪ್ಪೇನೂ ಇಲ್ಲ. ಅದರಿಂದಲೇ ನಮ್ಮಲ್ಲಿ ಐದಾರು ಸಾವಿರ ರೂಪಾಯಿಗೂ ಸ್ಮಾರ್ಟ್‌ಫೋನ್ ಸಿಗುವಂತಾಯಿತು.

ಕನ್ನಡದವರಿಗೆ ಇದರ ಲಾಭ ಇನ್ನೊಂದು ರೀತಿಯಲ್ಲೂ ಆಯಿತು. ಆಂಡ್ರಾಯ್ಡ್‌ನಲ್ಲಿ ಹೊರಗಿನವರು ಕೀಬೋರ್ಡ್ ಮಾಡಿ ಹಾಕಲು 2009ರಿಂದಲೇ ಅವಕಾಶವಿತ್ತು. ಐಫೋನ್‌ನಲ್ಲಿ ಅದು ಬಂದದ್ದು 2014ರಲ್ಲಿ, ಐಓಎಸ್ 8ರ ಜೊತೆ. ಅಲ್ಲಿಯವರೆಗೆ ಐಫೋನ್‌ನಲ್ಲಿ ಹೇಗೆ ಟೈಪ್ ಮಾಡಬೇಕೆಂದು ತೀರ್ಮಾನಿಸುವುದು ಆಪಲ್ ಒಂದೇ. ಆಂಡ್ರಾಯ್ಡ್‌ನಲ್ಲೂ 2012ರ ಜೆಲ್ಲಿ ಬೀನ್ ಬರುವ ತನಕ ಎಷ್ಟೋ ಫೋನುಗಳಲ್ಲಿ ಕನ್ನಡ ಅಕ್ಷರಗಳು ಡಬ್ಬಿ ಡಬ್ಬಿಯಾಗಿ ಕಾಣುತ್ತಿದ್ದವು, ಅದು ನಿಜ. ಆದರೆ ಅಲ್ಲಿ ಸ್ವಲ್ಪ ಗೊತ್ತಿದ್ದವರು ಫೋನ್ ರೂಟ್ ಮಾಡಿ, ಅಂದರೆ ಕಂಪನಿ ಹಾಕಿದ ಬೀಗ ತೆಗೆದು, ಫಾಂಟ್ ಹಾಕಿಕೊಳ್ಳುತ್ತಿದ್ದರು. ಕಂಪನಿ ಮಾಡಿಕೊಡಲಿ ಎಂದು ಕಾಯದೆ ತಾವೇ ಏನಾದರೂ ಮಾಡಿಕೊಳ್ಳುವ ಈ ಜಾಗ ದೊಡ್ಡದು.

ಈಗ ಮೇಲಿನ ಪದರಕ್ಕೆ ಬರೋಣ. ಹೊಸ ಆಂಡ್ರಾಯ್ಡ್ ಫೋನಿನ ಡಬ್ಬ ಒಡೆದು ಆನ್ ಮಾಡಿ. ಮೊದಲ ಪರದೆಯಲ್ಲೇ ಗೂಗಲ್ ಸರ್ಚ್‌ನ ಪಟ್ಟಿ. ಪಕ್ಕದಲ್ಲಿ 'ಗೂಗಲ್' ಎಂಬ ಫೋಲ್ಡರ್. ಅದನ್ನು ಒತ್ತಿದರೆ ಕ್ರೋಮ್, ಜಿಮೇಲ್, ಮ್ಯಾಪ್ಸ್, ಯೂಟ್ಯೂಬ್, ಡ್ರೈವ್. ಇದು ಫೋನ್ ಕಂಪನಿಯವರ ಅಭಿರುಚಿಯಿಂದ ಆದದ್ದಲ್ಲ. ಒಪ್ಪಂದ ಹಾಗಿತ್ತು: ಪ್ಲೇ ಸ್ಟೋರ್ ಬೇಕಿದ್ದರೆ ಇವನ್ನೆಲ್ಲ ಒಟ್ಟಿಗೇ ತೆಗೆದುಕೊಳ್ಳಬೇಕು, ಸರ್ಚ್ ಪಟ್ಟಿಯನ್ನು ಎದುರಿಗೇ ಇಡಬೇಕು. ಇನ್ನೊಂದು ಒಪ್ಪಂದದ ಪ್ರಕಾರ, ಗೂಗಲ್ ಒಪ್ಪದ ಆಂಡ್ರಾಯ್ಡ್ ರೂಪಾಂತರದ ಫೋನನ್ನು ಆ ಕಂಪನಿ ಮಾಡುವಂತೆಯೇ ಇರಲಿಲ್ಲ. 2012ರಲ್ಲಿ ಏಸರ್ ಕಂಪನಿ ಅಲಿಬಾಬಾದ ಅಲಿಯುನ್ ಎಂಬ ಓಎಸ್ ಹಾಕಿದ ಫೋನ್ ಬಿಡುಗಡೆ ಮಾಡಲು ಹೊರಟಿತ್ತು. ಗೂಗಲ್ ತಕರಾರು ತೆಗೆದ ಮೇಲೆ ಕಾರ್ಯಕ್ರಮವನ್ನೇ ರದ್ದು ಮಾಡಿತು.

ಗೂಗಲ್ ಹೇಳುವ ಕಾರಣದಲ್ಲೂ ಹುರುಳಿದೆ. ಒಬ್ಬೊಬ್ಬರು ಒಂದೊಂದು ಥರ ಬದಲಾಯಿಸಿದರೆ ಒಂದು ಫೋನಿನಲ್ಲಿ ಓಡುವ ಆಪ್ ಇನ್ನೊಂದರಲ್ಲಿ ಓಡುವುದಿಲ್ಲ, ಡೆವಲಪರ್‌ಗಳು ಕಂಗಾಲಾಗುತ್ತಾರೆ. ಸರಿ. ಆದರೆ ಆಪ್‌ಗಳು ಎಲ್ಲ ಫೋನಿನಲ್ಲೂ ಓಡಲಿ ಎನ್ನುವುದಕ್ಕೂ ನಮ್ಮ ಸರ್ಚ್ ಪಟ್ಟಿ ಎದುರಿಗೇ ಇರಲಿ ಎನ್ನುವುದಕ್ಕೂ ಏನು ಸಂಬಂಧ? ಯುರೋಪಿಯನ್ ಕಮಿಷನ್ ಎತ್ತಿದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು. 2018ರಲ್ಲಿ 434 ಕೋಟಿ ಯುರೋ ದಂಡ ಹಾಕಿತು. 2022ರಲ್ಲಿ ಅಲ್ಲಿನ ಜನರಲ್ ಕೋರ್ಟ್ ಅದನ್ನು 412.5 ಕೋಟಿಗೆ ಇಳಿಸಿತು, ಆದರೆ ತೀರ್ಪಿನ ಬಹುಭಾಗವನ್ನು ಉಳಿಸಿಕೊಂಡಿತು.

ಒಪ್ಪಂದಕ್ಕಿಂತ ಗಟ್ಟಿಯಾದದ್ದು ಕಣ್ಣಿಗೆ ಬೀಳುವುದೇ ಇಲ್ಲ. ಅದರ ಹೆಸರು ಗೂಗಲ್ ಪ್ಲೇ ಸರ್ವೀಸಸ್. ಇದು ಓಪನ್ ಸೋರ್ಸ್ ಅಲ್ಲ. ಬ್ಯಾಂಕಿನ ಆಪ್‌ಗೆ ಈ ಫೋನ್ ಸುರಕ್ಷಿತವೋ ಎಂದು ತಿಳಿಯಬೇಕು, ಊಟ ತರುವ ಆಪ್‌ಗೆ ನಿಮ್ಮ ಮನೆ ಮ್ಯಾಪ್‌ನಲ್ಲಿ ಎಲ್ಲಿದೆ ಎಂದು ತಿಳಿಯಬೇಕು, ಮೆಸೇಜ್ ಆಪ್‌ಗೆ ನೋಟಿಫಿಕೇಶನ್ ಕಳಿಸಬೇಕು. ಬಹಳಷ್ಟು ಆಪ್‌ಗಳು ಇದನ್ನೆಲ್ಲ ಕೇಳುವುದು ಪ್ಲೇ ಸರ್ವೀಸಸ್ ಹತ್ತಿರ. ಸಂತೆಗೆ ಯಾರು ಬೇಕಾದರೂ ಸರಕು ತರಬಹುದು, ಆದರೆ ತಕ್ಕಡಿ ಮಾತ್ರ ಒಬ್ಬರದೇ ಎಂಬ ಹಾಗೆ. ವರ್ಷಗಳು ಕಳೆದಂತೆ ಓಪನ್ ಸೋರ್ಸ್ ಆಂಡ್ರಾಯ್ಡ್‌ನಲ್ಲಿದ್ದ ಸರ್ಚ್, ಮ್ಯೂಸಿಕ್, ಕ್ಯಾಲೆಂಡರ್, ಕೀಬೋರ್ಡ್ ಮುಂತಾದವು ಹಾಗೇ ಹಳತಾಗುತ್ತ ಬಂದವು. ಹೊಸ ಕೆಲಸವೆಲ್ಲ ಗೂಗಲ್‌ನ ಸ್ವಂತ ಆಪ್‌ಗಳಿಗೆ ಹೋಯಿತು.

ಈ ಪದರ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜಗತ್ತು ಒಮ್ಮೆ ನೋಡಿತು. 2019ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಚೀನಾದ ಹುವಾವೆ ಕಂಪನಿಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಆಂಡ್ರಾಯ್ಡ್ ಓಪನ್ ಸೋರ್ಸ್ ಆದ್ದರಿಂದ ಅದನ್ನು ಹುವಾವೆಯಿಂದ ಕಿತ್ತುಕೊಳ್ಳಲು ಆಗಲಿಲ್ಲ. ಹೊಸ ಫೋನುಗಳಿಗೆ ಗೂಗಲ್ ಸೇವೆಗಳು ಮಾತ್ರ ನಿಂತವು. ಅದೇ ಸೆಪ್ಟೆಂಬರ್‌ನಲ್ಲಿ ಮೇಟ್ 30 ಬಂತು. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಪರದೆ, ಆಂಡ್ರಾಯ್ಡೂ ಇದೆ. ಪ್ಲೇ ಸ್ಟೋರ್ ಇಲ್ಲ, ಮ್ಯಾಪ್ಸ್ ಇಲ್ಲ. ಚೀನಾದಲ್ಲಿ ಫೋನ್ ಚೆನ್ನಾಗಿಯೇ ಓಡಿತು, ಯಾಕೆಂದರೆ ಅಲ್ಲಿ ಗೂಗಲ್ ಸೇವೆ ಮೊದಲಿನಿಂದಲೂ ಇರಲಿಲ್ಲ, ಜನ ಬೇರೆ ಅಂಗಡಿಗಳಿಗೆ ಒಗ್ಗಿಕೊಂಡಿದ್ದರು. ಯುರೋಪಿನಲ್ಲಿ ಹುವಾವೆ ವ್ಯಾಪಾರ ನೆಲಕಚ್ಚಿತು. ಕೋಡ್ ಅದೇ, ಕಂಪನಿ ಅದೇ. ಗೂಗಲ್ ಇಲ್ಲದೆಯೂ ಬದುಕುವ ವ್ಯವಸ್ಥೆ ಇದ್ದ ಕಡೆ ಗೆದ್ದಿತು, ಇಲ್ಲದ ಕಡೆ ಸೋತಿತು.

ನಮ್ಮ ದೇಶಕ್ಕೆ ಇದು ದೂರದ ಸುದ್ದಿಯಲ್ಲ. ಇಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸ್ಮಾರ್ಟ್‌ಫೋನುಗಳು ಆಂಡ್ರಾಯ್ಡೇ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಒಂದೇ ವಾರದೊಳಗೆ ಗೂಗಲ್‌ಗೆ ಎರಡು ದಂಡ ಹಾಕಿತು. ಆಂಡ್ರಾಯ್ಡ್ ಒಪ್ಪಂದಗಳಿಗಾಗಿ 1,337.76 ಕೋಟಿ ರೂಪಾಯಿ. ಆಪ್ ಒಳಗಿನ ಪಾವತಿಗೆ ತನ್ನದೇ ಬಿಲ್ಲಿಂಗ್ ಬಳಸಬೇಕೆಂಬ ಷರತ್ತಿಗಾಗಿ 936.44 ಕೋಟಿ. ಪತ್ರಿಕೆಗಳು ದಂಡದ ಮೊತ್ತವನ್ನೇ ದೊಡ್ಡದು ಮಾಡಿದವು. ಗೂಗಲ್‌ನಂಥ ಕಂಪನಿಗೆ ಆ ದುಡ್ಡು ಲೆಕ್ಕಕ್ಕಿಲ್ಲ. ತೂಕವಿದ್ದದ್ದು ಜೊತೆಗೆ ಕೊಟ್ಟ ನಿರ್ದೇಶನಗಳಿಗೆ.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಲು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಗೂಗಲ್ ಭಾರತದಲ್ಲಿ ಕೆಲವು ಬದಲಾವಣೆ ಪ್ರಕಟಿಸಿತು. ಫೋನ್ ಕಂಪನಿಗಳು ತಮಗೆ ಬೇಕಾದ ಗೂಗಲ್ ಆಪ್‌ಗಳನ್ನು ಮಾತ್ರ ತೆಗೆದುಕೊಳ್ಳಬಹುದು, ಬಳಸುವವರು ತಮಗೆ ಬೇಕಾದ ಸರ್ಚ್ ಎಂಜಿನ್ ಆರಿಸಿಕೊಳ್ಳಬಹುದು ಇತ್ಯಾದಿ. ಮಾರ್ಚ್‌ನಲ್ಲಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತು. ತೆಗೆದದ್ದು ಯಾವುದನ್ನು ನೋಡಿ: ಪ್ಲೇ ಸರ್ವೀಸಸ್‌ನ ಸೌಲಭ್ಯವನ್ನು ಯಾರಿಗೂ ನಿರಾಕರಿಸಬಾರದು ಎಂಬುದು; ಬೇರೆ ಆಪ್ ಸ್ಟೋರ್‌ಗಳನ್ನು ಪ್ಲೇ ಸ್ಟೋರ್ ಮೂಲಕವೇ ಹಂಚಲು ಬಿಡಬೇಕು ಎಂಬುದು; ಹೊರಗಿನಿಂದ ಆಪ್ ಹಾಕಿಕೊಳ್ಳುವುದಕ್ಕೆ ಅಡ್ಡಿ ಮಾಡಬಾರದು ಎಂಬುದು; ಮೊದಲೇ ಹಾಕಿ ಕೊಟ್ಟ ಗೂಗಲ್ ಆಪ್‌ಗಳನ್ನು ಅಳಿಸಲು ಬಿಡಬೇಕು ಎಂಬುದು. ಅಂದರೆ ಒಪ್ಪಂದದ ಕಾಗದದಲ್ಲಿದ್ದ ಹಿಡಿತ ಸಡಿಲವಾಯಿತು, ಸಾಫ್ಟ್‌ವೇರ್‌ನಲ್ಲಿದ್ದದ್ದು ಹಾಗೇ ಉಳಿಯಿತು. ಬಿಲ್ಲಿಂಗ್ ಕೇಸಿನ ದಂಡವೂ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಯಿತು.

ಈ ನಡುವೆ 2024ರ ಮಾರ್ಚ್ 1ರಂದು, ಶುಲ್ಕದ ಜಗಳದಲ್ಲಿ, ಗೂಗಲ್ ಹತ್ತು ಭಾರತೀಯ ಕಂಪನಿಗಳ ಆಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆಯಿತು. ನೌಕರಿ, ಭಾರತ್ ಮ್ಯಾಟ್ರಿಮೊನಿ, ಶಾದಿ ಡಾಟ್ ಕಾಮ್, ಕುಕು ಎಫ್‌ಎಂ ಎಲ್ಲ ಅದರಲ್ಲಿದ್ದವು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ವಾಪಸ್ ಬಂದವು. ಬೇರೆ ಅಂಗಡಿ ಇರಲಿಲ್ಲವೇ? ಇತ್ತು. ಬೆಂಗಳೂರಿನ ಫೋನ್‌ಪೇ ಕಂಪನಿ ಅದಕ್ಕೆ ಒಂಬತ್ತು ದಿನ ಮೊದಲಷ್ಟೇ ಇಂಡಸ್ ಆಪ್‌ಸ್ಟೋರ್ ಶುರು ಮಾಡಿತ್ತು, ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ. ಆದರೆ ತೆಗೆದುಹಾಕಿದ ಯಾವ ಕಂಪನಿಯೂ 'ಹೋಗಲಿ ಬಿಡಿ, ಇಂಡಸ್ ಇದೆಯಲ್ಲ' ಎಂದು ಸುಮ್ಮನೆ ಕೂರಲಿಲ್ಲ. ಕಾಗದದ ಮೇಲೆ ಬೇರೆ ದಾರಿ ಇರುವುದು ಬೇರೆ, ಗಿರಾಕಿ ಆ ದಾರಿಯಲ್ಲಿ ನಡೆಯುವುದು ಬೇರೆ.

ಇದನ್ನು ಎಪಿಕ್ ಮೊದಲೇ ಅನುಭವಿಸಿತ್ತು. 2018ರಲ್ಲಿ ಫೋರ್ಟ್‌ನೈಟ್ ಆಂಡ್ರಾಯ್ಡ್‌ಗೆ ಬಂದಾಗ ಪ್ಲೇ ಸ್ಟೋರ್‌ಗೆ ಹೋಗದೆ ಸೀದಾ ತನ್ನ ವೆಬ್‌ಸೈಟಿನಿಂದಲೇ ಕೊಟ್ಟಿತ್ತು. ಡೌನ್‌ಲೋಡ್ ಒತ್ತಿದರೆ 'ಈ ಫೈಲ್ ನಿಮ್ಮ ಫೋನಿಗೆ ಹಾನಿ ಮಾಡಬಹುದು' ಎಂಬ ಎಚ್ಚರಿಕೆ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಿ ಎನ್ನುವುದು. ಜಗತ್ತಿನಲ್ಲೇ ಅತಿ ಜನಪ್ರಿಯವಾಗಿದ್ದ ಗೇಮ್ ಒಂದೂವರೆ ವರ್ಷ ಒದ್ದಾಡಿ, 2020ರ ಏಪ್ರಿಲ್‌ನಲ್ಲಿ ಪ್ಲೇ ಸ್ಟೋರ್‌ಗೇ ಬಂತು. ಅವರಿಗೇ ಆಗದ್ದು ಸಣ್ಣಪುಟ್ಟವರಿಗೆ ಆಗುತ್ತದೆಯೇ?

ಹಾಗಂತ ಎಚ್ಚರಿಕೆಗಳೆಲ್ಲ ಬರೀ ನಾಟಕ ಅನ್ನಲು ಆಗುವುದಿಲ್ಲ. ಎಪಿಕ್ ಕೊಟ್ಟ ಅದೇ ಇನ್‌ಸ್ಟಾಲರ್‌ನಲ್ಲಿ 2018ರಲ್ಲೇ ಒಂದು ಸುರಕ್ಷತಾ ದೋಷವಿತ್ತು, ಅದನ್ನು ಕಂಡುಹಿಡಿದದ್ದು ಗೂಗಲ್. ಈಗ ವಾಟ್ಸಾಪ್‌ನಲ್ಲಿ 'ಮದುವೆ ಕರೆಯೋಲೆ' ಎಂದೋ 'ಟ್ರಾಫಿಕ್ ಚಲನ್' ಎಂದೋ ಎಪಿಕೆ ಫೈಲ್ ಬರುತ್ತದೆ. ಒತ್ತಿದವರ ಖಾತೆ ಖಾಲಿಯಾದ ಸುದ್ದಿಗಳನ್ನು ನಾವೇ ಓದುತ್ತಿದ್ದೇವೆ. ಆಪಲ್‌ನ ಮುಚ್ಚಿದ ವ್ಯವಸ್ಥೆಗೆ ಜನ ಜಾಸ್ತಿ ದುಡ್ಡು ಕೊಡುವುದಕ್ಕೆ ಇದೂ ಒಂದು ಕಾರಣ. ಅಮ್ಮನಿಗೆ ಐಫೋನ್ ಕೊಡಿಸಿ ನಿಶ್ಚಿಂತೆಯಾಗಿರುವವರು ಎಷ್ಟೋ ಜನ ಇದ್ದಾರೆ.

ಇಲ್ಲಿ ಎರಡು ಥರದ ಸ್ಪರ್ಧೆಯನ್ನು ಬೇರೆ ಮಾಡಿ ನೋಡಬೇಕು. ಐಫೋನ್ ಮತ್ತು ಆಂಡ್ರಾಯ್ಡ್ ನಡುವಿನದು ಒಂದು. ಐಫೋನ್ ಒಳಗೆ ಒಂದು ಆಪ್‌ಗೂ ಇನ್ನೊಂದಕ್ಕೂ, ಒಂದು ಅಂಗಡಿಗೂ ಇನ್ನೊಂದಕ್ಕೂ ನಡೆಯುವುದು ಮತ್ತೊಂದು. ಮುಚ್ಚಿದ ವ್ಯವಸ್ಥೆ ಮೊದಲನೆಯದನ್ನು ಗಟ್ಟಿ ಮಾಡಬಹುದು, ಯಾಕೆಂದರೆ ಅದು ಆಂಡ್ರಾಯ್ಡ್‌ಗಿಂತ ನಿಜವಾಗಿಯೂ ಬೇರೆ ಥರದ ವಸ್ತು. ಎರಡನೆಯದನ್ನು ಅದು ಕೊಲ್ಲುತ್ತದೆ. ಯುರೋಪ್ 2024ರ ಮಾರ್ಚ್‌ನಿಂದ ಐಫೋನ್‌ನಲ್ಲೂ ಬೇರೆ ಆಪ್ ಸ್ಟೋರ್‌ಗಳಿಗೆ ಜಾಗ ಕೊಡಿಸಿತು. ಅಮೆರಿಕದಲ್ಲಿ ಆಪಲ್ ಸೋತ ಆ ಒಂದೇ ಒಂದು ಆರೋಪದ ಆದೇಶವನ್ನೂ, ಅಂದರೆ ಆಪ್‌ನ ಹೊರಗೆ ದುಡ್ಡು ಕಟ್ಟುವ ದಾರಿ ತೋರಿಸಲು ಬಿಡಬೇಕು ಎಂಬುದನ್ನೂ, ಸರಿಯಾಗಿ ಪಾಲಿಸಲಿಲ್ಲ ಎಂದು 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಧೀಶೆ ಕಿಡಿಕಾರಿದರು. ಹೊರಗೆ ದುಡ್ಡು ಕಟ್ಟಲು ಬಿಟ್ಟ ಆಪಲ್, ಆ ವ್ಯವಹಾರದ ಮೇಲೂ ಶೇ. 27 ಕೇಳಿತ್ತು.

ಹಾಗಾದರೆ ಎಲ್ಲ ಪದರಗಳನ್ನೂ ತೆರೆದರೆ ಸ್ಪರ್ಧೆ ತಾನಾಗಿ ಬರುತ್ತದೆಯೇ? ಇದಕ್ಕೆ ಉತ್ತರ ಬೆಂಗಳೂರಿನ ಎಳನೀರು ಗಾಡಿಯ ಮೇಲೆ ಅಂಟಿಸಿದ ಕ್ಯೂಆರ್ ಕೋಡ್‌ನಲ್ಲಿದೆ. ಸ್ಟಿಕ್ಕರ್ ಫೋನ್‌ಪೇಯದು. ನೀವು ಗೂಗಲ್ ಪೇಯಲ್ಲಿ ಸ್ಕ್ಯಾನ್ ಮಾಡಿ, ಭೀಮ್‌ನಲ್ಲಿ ಮಾಡಿ, ಬ್ಯಾಂಕಿನ ಆಪ್‌ನಲ್ಲಿ ಮಾಡಿ, ದುಡ್ಡು ಹೋಗುತ್ತದೆ. ಪಕ್ಕದ ಸೌಂಡ್‌ಬಾಕ್ಸ್ ಕನ್ನಡದಲ್ಲೇ ಮೊತ್ತ ಕೂಗುತ್ತದೆ. ಆ ಕೋಡ್‌ನಲ್ಲಿ ಇರುವುದು ಮಾರುವವರ ಯುಪಿಐ ಐಡಿ ಮತ್ತು ಹೆಸರಿನಂಥ ಒಂದೆರಡು ವಿವರ. ಅದನ್ನು ಓದುವುದು ಹೇಗೆಂದು ಎಲ್ಲ ಆಪ್‌ಗಳಿಗೂ ಗೊತ್ತು. 2016ಕ್ಕೆ ಮುಂಚೆ ಹೀಗಿರಲಿಲ್ಲ. ಒಂದು ವಾಲೆಟ್‌ನಿಂದ ಇನ್ನೊಂದು ವಾಲೆಟ್‌ಗೆ ದುಡ್ಡು ಹೋಗುತ್ತಿರಲಿಲ್ಲ, ಅಂಗಡಿಯವನ ಹತ್ತಿರ ಯಾವುದಿದೆಯೋ ಅದೇ ನಿಮ್ಮ ಹತ್ತಿರವೂ ಇರಬೇಕಿತ್ತು.

ಯುಪಿಐ ಇಷ್ಟು ತೆರೆದಿದ್ದರೂ ವ್ಯವಹಾರಗಳ ಶೇ. 80ರ ಆಸುಪಾಸು ನಡೆಯುವುದು ಎರಡೇ ಆಪ್‌ಗಳಲ್ಲಿ, ಫೋನ್‌ಪೇ ಮತ್ತು ಗೂಗಲ್ ಪೇ. ಒಂದು ವಾಲ್‌ಮಾರ್ಟ್ ಬಲದ್ದು, ಇನ್ನೊಂದು ಗೂಗಲ್‌ನದ್ದು. ಕಾರಣ ಸರಳ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಗಿರಾಕಿಗೂ ಉಚಿತ, ಅಂಗಡಿಗೂ ಉಚಿತ. ಹೊಸದಾಗಿ ಬರುವವನು 'ನಾನು ಕಡಿಮೆಗೆ ಕೊಡುತ್ತೇನೆ' ಅನ್ನುವ ಹಾಗೇ ಇಲ್ಲ, ಸೊನ್ನೆಗಿಂತ ಕಡಿಮೆ ಬೆಲೆ ಯಾವುದಿದೆ? ಕ್ಯಾಶ್‌ಬ್ಯಾಕ್ ಕೊಡಬೇಕು, ಅಂಗಡಿ ಅಂಗಡಿಗೆ ಹೋಗಿ ಸ್ಟಿಕ್ಕರ್ ಅಂಟಿಸಬೇಕು, ವರ್ಷಗಟ್ಟಲೆ ನಷ್ಟ ತಡೆದುಕೊಳ್ಳಬೇಕು. ಅದಕ್ಕೆ ದೊಡ್ಡ ಕೈ ಬೇಕು.

ಆದರೂ ಇದು ಪ್ಲೇ ಸ್ಟೋರ್‌ನ ಥರದ ಹಿಡಿತ ಅಲ್ಲ ಎಂಬುದು ನನ್ನ ಅಭಿಪ್ರಾಯ. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕ್ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮೇಲೆ ಕಡಿವಾಣ ಹಾಕಿದಾಗ ಏನಾಯಿತು? ಪೇಟಿಎಂ ಆಪ್ ಬೇರೆ ನಾಲ್ಕು ಬ್ಯಾಂಕುಗಳ ಜೊತೆ ಸೇರಿ ಯುಪಿಐನಲ್ಲಿ ಮುಂದುವರಿಯಿತು. ಗಾಬರಿಯಾದವರು ಹತ್ತು ನಿಮಿಷದಲ್ಲಿ ಬೇರೆ ಆಪ್ ಹಾಕಿಕೊಂಡು ಅದೇ ಬ್ಯಾಂಕ್ ಖಾತೆ ಜೋಡಿಸಿದರು. ಅಂಗಡಿಗಳು ಮುಚ್ಚಲಿಲ್ಲ. ಬಿಟ್ಟು ಹೋದವರು ಹೋಗಿ ಸೇರಿದ್ದು ಹೆಚ್ಚಾಗಿ ಅದೇ ಇಬ್ಬರು ದೊಡ್ಡವರನ್ನು ಎನ್ನುವುದು ಬೇರೆ ಮಾತು. ನಾಳೆ ಫೋನ್‌ಪೇ ಶುಲ್ಕ ಹಾಕಿದರೆ ನೀವು ಸಂಜೆಯೊಳಗೆ ಬೇರೆ ಕಡೆ ಇರುತ್ತೀರಿ. ಪ್ಲೇ ಸ್ಟೋರ್ ಕಮಿಷನ್ ಏರಿಸಿದರೆ ಆಪ್ ಮಾಡುವವರು ಹೋಗುವುದೆಲ್ಲಿಗೆ? ಪ್ಲಾಟ್‌ಫಾರಂ ತೆರೆದಿದೆಯೋ ಮುಚ್ಚಿದೆಯೋ ಎಂದು ಕೇಳುವ ಬದಲು ನಾನು ಕೇಳುವ ಪ್ರಶ್ನೆ ಇದು: ಬಿಟ್ಟು ಹೋಗುವುದಕ್ಕೆ ಎಷ್ಟು ಹೊತ್ತು ಬೇಕು, ಹೋಗುವಾಗ ಏನೇನು ಕಳೆದುಕೊಳ್ಳುತ್ತೇವೆ?

ಆಟೋ ವಿಷಯದಲ್ಲೂ ಬೆಂಗಳೂರು ಒಂದು ಪ್ರಯೋಗ ಮಾಡಿದೆ. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಯೂನಿಯನ್ ಜೊತೆ ಸೇರಿ ಬಂದ ನಮ್ಮ ಯಾತ್ರಿ, ಬೆಕ್‌ನ್ ಎಂಬ ತೆರೆದ ಪ್ರೋಟೋಕಾಲ್ (ಆಪ್‌ಗಳು ಒಂದರೊಡನೊಂದು ವ್ಯವಹರಿಸುವ ನಿಯಮಾವಳಿ) ಮೇಲೆ ಕಟ್ಟಿದ್ದು. ಕಮಿಷನ್ ತೆಗೆದುಕೊಳ್ಳಲಿಲ್ಲ, ಮುಂದೆ ದಿನಕ್ಕೆ 25 ರೂಪಾಯಿಯ ಚಂದಾ ತಂದಿತು. ಆಮೇಲೆ ದೊಡ್ಡ ಆಪ್‌ಗಳೂ ಒಂದೊಂದಾಗಿ ಆಟೋಗೆ ಕಮಿಷನ್ ಬಿಟ್ಟು ಚಂದಾಕ್ಕೆ ಬಂದವು. ಊಬರ್ 2025ರ ಫೆಬ್ರವರಿಯಲ್ಲಿ. ಇದರಲ್ಲಿ ತೆರೆದ ಕೋಡ್‌ನ ಪಾಲು ಎಷ್ಟು, 25 ರೂಪಾಯಿಯ ಪಾಲು ಎಷ್ಟು? ನನ್ನ ಪ್ರಕಾರ ಹಣದ ಲೆಕ್ಕವೇ ಹೆಚ್ಚು ಕೆಲಸ ಮಾಡಿತು. ಆಟೋ ಸ್ಟ್ಯಾಂಡಿನಲ್ಲಿ ಯಾರೂ ಪ್ರೋಟೋಕಾಲ್ ಬಗ್ಗೆ ಮಾತಾಡುವುದಿಲ್ಲ. ಅಂದ ಹಾಗೆ, 2024ರಲ್ಲಿ ನಮ್ಮ ಯಾತ್ರಿಯ ಕಂಪನಿಗೆ ಹಣ ಹಾಕಿದವರಲ್ಲಿ ಗೂಗಲ್ ಕೂಡ ಇದೆ.

ಯುಪಿಐನಲ್ಲಿ ಒಂದು ಆಪ್ ಶೇ. 30ಕ್ಕಿಂತ ಹೆಚ್ಚು ವ್ಯವಹಾರ ನಡೆಸಬಾರದು ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹೇಳಿದ್ದು 2020ರಲ್ಲಿ. ಗಡುವು ಮುಂದೆ ಹೋಗಿ ಹೋಗಿ ಈಗ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿದೆ. ಜಾರಿ ಮಾಡುವುದಾದರೂ ಹೇಗೆ? ಮಿತಿ ತುಂಬಿತು ಎಂದು ಗಿರಾಕಿಯನ್ನು ವಾಪಸ್ ಕಳಿಸಲು ಆಗುತ್ತದೆಯೇ?

ಆಂಡ್ರಾಯ್ಡ್‌ನ ಕಡೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಇನ್ನು ಮುಂದೆ ಪ್ಲೇ ಸ್ಟೋರ್‌ನ ಹೊರಗಿನಿಂದ ಬರುವ ಆಪ್ ಆದರೂ ಅದನ್ನು ಮಾಡಿದವರು ತಮ್ಮ ಗುರುತನ್ನು ಗೂಗಲ್ ಹತ್ತಿರ ಪರಿಶೀಲನೆ ಮಾಡಿಸಿಕೊಂಡಿರಬೇಕು ಎಂದು 2025ರ ಆಗಸ್ಟ್‌ನಲ್ಲಿ ಗೂಗಲ್ ಘೋಷಿಸಿತು. ಮೋಸದ ಆಪ್‌ಗಳನ್ನು ತಡೆಯುವುದಕ್ಕೆ, ಎಂದಿತು. ಓಪನ್ ಸೋರ್ಸ್ ಆಪ್‌ಗಳನ್ನೇ ಹಂಚುವ ಎಫ್-ಡ್ರಾಯ್ಡ್‌ನಂಥವರು ಇದರಿಂದ ನಾವು ಉಳಿಯುವುದೇ ಕಷ್ಟ ಎಂದರು. ಗಲಾಟೆ ಜಾಸ್ತಿಯಾದ ಮೇಲೆ, ಅನುಭವ ಇರುವವರು ಪರಿಶೀಲನೆ ಆಗದ ಆಪ್ ಕೂಡ ಹಾಕಿಕೊಳ್ಳಲು ಬೇರೆ ದಾರಿ ಇಡುತ್ತೇವೆ ಎಂದು ಗೂಗಲ್ ಸ್ವಲ್ಪ ಸಡಿಲ ಮಾಡಿತು. ಆ ದಾರಿಯಲ್ಲಿ ಎಷ್ಟು ಎಚ್ಚರಿಕೆಗಳು ಅಡ್ಡ ಬರುತ್ತವೆ ಎಂಬುದರ ಮೇಲೆ ಎಲ್ಲ ನಿಂತಿದೆ. ಘೋಷಣೆಯ ಪ್ರಕಾರ ನಿಯಮ ಮೊದಲು ಜಾರಿಯಾಗುವುದು 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ಗಳಲ್ಲಿ. ಉಳಿದ ದೇಶಗಳ ಸರದಿ 2027ರಿಂದ.